ಯಾರೂ ಕಾಣದ ಆನೆ

ರೋಮ್ ನಗರದ ಸಂತ ಇಗ್ನೇಷಿಯಸ್ ಚರ್ಚಿನ ನೆಲದಲ್ಲಿ ಅಮೃತಶಿಲೆಯ ಒಂದು ದುಂಡು ಬಿಲ್ಲೆ ಹುದುಗಿದೆ. ಅದರ ಮೇಲೆ ನಿಂತು ತಲೆಯೆತ್ತಿದವರಿಗೆ ಚರ್ಚಿನ ಚಾವಣಿಯೇ ಕಾಣುವುದಿಲ್ಲ. ಗೋಡೆಗಳು ಇನ್ನೂ ಮೇಲೇರುತ್ತವೆ, ಕಂಬಗಳು ಆಕಾಶಕ್ಕೆ ಚಾಚುತ್ತವೆ, ಮೋಡಗಳ ನಡುವೆ ಸಂತರೂ ದೇವದೂತರೂ ತೇಲುತ್ತಿರುತ್ತಾರೆ. ಜೆಸ್ಯುಯಿಟ್ ಸಂಘದ ಸಹೋದರ ಆಂಡ್ರಿಯಾ ಪೊಜ್ಜೊ 1694ರ ಹೊತ್ತಿಗೆ ಮುಗಿಸಿದ ಈ ವೈಭವವೆಲ್ಲ ಬಾಗಿದ ಚಾವಣಿಗೆ ಬಳಿದ ಬಣ್ಣ, ಅಷ್ಟೇ. ಬಿಲ್ಲೆ ಬಿಟ್ಟು ಹತ್ತಾರು ಹೆಜ್ಜೆ ಸರಿದರೆ ಕಂಬಗಳು ಓಲಾಡತೊಡಗುತ್ತವೆ, ಸ್ವರ್ಗ ಒಂದು ಕಡೆಗೆ ವಾಲುತ್ತದೆ.

ಇಷ್ಟು ದೊಡ್ಡ ಚಿತ್ರಕ್ಕೆ ನೋಡುವ ಜಾಗ ಒಂದೇ ಇದ್ದರೆ ಹೇಗೆ ಎಂಬ ಆಕ್ಷೇಪ ಆಗಲೇ ಇತ್ತು. ಪೊಜ್ಜೊ ಜಗ್ಗಲಿಲ್ಲ. ಒಂದೇ ದೃಶ್ಯಕ್ಕೆ ಒಂದೇ ಬಿಂದು ಎಂಬುದು ಅವನ ಹಟ. 1693ರಲ್ಲಿ ಹೊರಬಂದ ತನ್ನ ಪರ್ಸ್‌ಪೆಕ್ಟಿವ್ ಗ್ರಂಥದಲ್ಲಿ ಎಲ್ಲ ಗೆರೆಗಳನ್ನೂ ನಿಜವಾದ ಬಿಂದುವಿನತ್ತ, ಅಂದರೆ ದೇವರ ಮಹಿಮೆಯತ್ತ, ಎಳೆಯಬೇಕೆಂದು ಅವನು ಓದುಗನಿಗೆ ಉಪದೇಶವನ್ನೂ ಕೊಟ್ಟ. ರೇಖಾಗಣಿತದ ಪಾಠದಲ್ಲಿ ದೇವತಾಶಾಸ್ತ್ರ ಹೀಗೆ ಸದ್ದಿಲ್ಲದೆ ಬಂದು ಕೂತಿತು. ಸತ್ಯ ಸರಿಯಾಗಿ ಕಾಣುವ ಜಾಗ ಒಂದೇ, ಅಲ್ಲಿ ನಿಲ್ಲದವನಿಗೆ ಕಾಣುವುದೆಲ್ಲ ವಕ್ರ.

ಪೊಜ್ಜೊನ ಲೆಕ್ಕವನ್ನು ತಿರುವಿ ಹಾಕುವ ಒಂದು ಕಸುಬು ಈಗ ಇದೆ. ಅವನು ಮೊದಲು ಬಿಲ್ಲೆ ಇಟ್ಟು ಆಮೇಲೆ ಚಿತ್ರ ಬರೆದ. ಕ್ಯಾಮೆರಾ ಟ್ರ್ಯಾಕಿಂಗ್ ಮಾಡುವವರ ಕೈಗೆ ಮೊದಲು ಸಿಗುವುದೇ ಚಿತ್ರ. ಬಿಲ್ಲೆ ಎಲ್ಲಿತ್ತು ಎಂಬುದನ್ನು ಅವರು ಹುಡುಕಬೇಕು. ಸಿನಿಮಾದಲ್ಲಿ ನಿಜವಾದ ಬೀದಿಯಲ್ಲಿ ಕಂಪ್ಯೂಟರಿನ ಡ್ರ್ಯಾಗನ್ ನಡೆಯಬೇಕಾದರೆ, ಆ ಬೀದಿಯನ್ನು ತೆಗೆದ ಕ್ಯಾಮೆರಾ ಪ್ರತಿ ಫ್ರೇಮಿನಲ್ಲೂ ಎಲ್ಲಿತ್ತು, ಯಾವ ಕಡೆಗೆ ತಿರುಗಿತ್ತು, ಎಷ್ಟು ಅಗಲದ ಕೋನದಲ್ಲಿ ನೋಡುತ್ತಿತ್ತು ಎಂಬುದು ಗೊತ್ತಾಗಬೇಕು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ‘ಮ್ಯಾಚ್‌ಮೂವ್’ ಹೆಸರಿನಲ್ಲಿ ದಿನವಿಡೀ ನಡೆಯುವ ಕೆಲಸ ಇದೇ. ಕಿಟಕಿಯ ಮೂಲೆ, ರಸ್ತೆಯ ಕಲೆ, ಗೋಡೆಯ ಬಿರುಕು ಹೀಗೆ ನೂರಾರು ಚುಕ್ಕೆಗಳನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುತ್ತಾರೆ. ಆ ಚುಕ್ಕೆಗಳ ಓಡಾಟದಿಂದ ಸಾಫ್ಟ್‌ವೇರ್ ಜಗತ್ತನ್ನೂ ಕ್ಯಾಮೆರಾವನ್ನೂ ಒಂದೇ ಏಟಿಗೆ ಕಂಡುಹಿಡಿಯುತ್ತದೆ. ಇದಕ್ಕೆ ಅವರ ಭಾಷೆಯಲ್ಲಿ ‘ಸಾಲ್ವ್’ ಎಂದು ಹೆಸರು.

ನೋಡುವವನು ತಾನು ನೋಡಿದ ಚಿತ್ರದೊಳಗೆ ಎಲ್ಲಿಯೂ ಇರುವುದಿಲ್ಲ. ಆದರೂ ಆ ಚಿತ್ರದಿಂದಲೇ ಅವನನ್ನು ಪತ್ತೆ ಮಾಡಬಹುದೇ? ಪ್ರಶ್ನೆ ವೇದಾಂತದ್ದೆನಿಸಿದರೂ ಉತ್ತರ ಗಣಿತದಿಂದ ಬಂತು. ಎರಡು ಚಿತ್ರ ಮತ್ತು ಐದು ಚುಕ್ಕೆ ಇದ್ದರೆ ಸಾಕು ಎಂದು ಆಸ್ಟ್ರಿಯಾದ ಎರ್ವಿನ್ ಕ್ರುಪ್ಪಾ 1913ರಲ್ಲೇ ತೋರಿಸಿದ್ದ. ರಸಾಯನಶಾಸ್ತ್ರದಿಂದ ಮನಸ್ಸಿನ ಅಧ್ಯಯನಕ್ಕೆ ಹೊರಳಿದ ಕ್ರಿಸ್ಟೊಫರ್ ಲಾಂಗೆಟ್-ಹಿಗಿನ್ಸ್ 1981ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎಂಟು ಚುಕ್ಕೆಗಳ ಸುಲಭ ದಾರಿಯನ್ನು ಕೊಟ್ಟರು. ಇಬ್ಬರ ಲೆಕ್ಕಕ್ಕೂ ಲೆನ್ಸಿನ ವಿವರ ಮೊದಲೇ ತಿಳಿದಿರಬೇಕಿತ್ತು. ಲೆನ್ಸ್ ಯಾವುದೆಂದೇ ಗೊತ್ತಿಲ್ಲದೆ ಚಿತ್ರಗಳಿಂದಲೇ ಅದನ್ನೂ ಹೊರಗೆಳೆಯುವ ಬಗೆಯನ್ನು 1992ರಲ್ಲಿ ಫೊಜೆರಾ, ಲುವಾಂಗ್, ಮೇಬ್ಯಾಂಕ್ ಎಂಬ ಮೂವರು ವಿವರಿಸಿದರು.

ಎಲ್ಲರೂ ಎಡವುವುದು ಈ ಲೆನ್ಸಿನ ವಿಚಾರದಲ್ಲೇ. ಫೋಕಲ್ ಲೆಂತ್ ಎಂಬ ಸಂಖ್ಯೆ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. 50 ಮಿಲಿಮೀಟರ್ ಲೆನ್ಸನ್ನು 36 ಮಿಲಿಮೀಟರ್ ಅಗಲದ ಸೆನ್ಸರಿನ ಮುಂದಿಟ್ಟರೆ ನೋಟದ ಅಗಲ ಸುಮಾರು 40 ಡಿಗ್ರಿ. ಅದೇ ಲೆನ್ಸ್ ಸುಮಾರು 25 ಮಿಲಿಮೀಟರ್ ಅಗಲದ ಸೂಪರ್ 35 ಸೆನ್ಸರಿನ ಮುಂದೆ ಬಂದರೆ ನೋಟ 28 ಡಿಗ್ರಿಗೆ ಕುಗ್ಗುತ್ತದೆ. ಮೊಬೈಲ್ ಫೋನಿನ ಜಾಹೀರಾತು 26 ಮಿಲಿಮೀಟರ್ ಎಂದು ಬೀಗುತ್ತದೆ. ಅಷ್ಟು ತೆಳ್ಳಗಿನ ಪೆಟ್ಟಿಗೆಯೊಳಗಿನ ಮುಖ್ಯ ಲೆನ್ಸಿನ ನಿಜವಾದ ಫೋಕಲ್ ಲೆಂತ್ ಹತ್ತನ್ನೂ ಮುಟ್ಟುವುದಿಲ್ಲ. ಆ 26, ದೊಡ್ಡ ಕ್ಯಾಮೆರಾದ ಲೆಕ್ಕಕ್ಕೆ ಹೊಂದಿಸಿ ಹೇಳಿದ ಸಮಾನಾಂಕ. ಅದನ್ನು ನಂಬಿ, ಸೆನ್ಸರಿನ ಅಗಲ ಮಾತ್ರ ನಿಜವಾದದ್ದೇ, ಹತ್ತು ಮಿಲಿಮೀಟರ್ ಎನ್ನೋಣ, ಎಂದು ತುಂಬಿದವನ ಸಾಫ್ಟ್‌ವೇರ್ ಸುಮಾರು 70 ಡಿಗ್ರಿಯ ನೋಟವನ್ನು 22 ಡಿಗ್ರಿ ಎಂದು ತಿಳಿಯುತ್ತದೆ. ಅಲ್ಲಿಂದ ಮುಂದಿನ ರಾತ್ರಿಗಳು ನಿದ್ದೆಯಿಲ್ಲದವು.

ಇನ್ನೊಂದು ಗೊಂದಲ ಇದಕ್ಕಿಂತ ಹಳೆಯದು. ಟೆಲಿ ಲೆನ್ಸ್ ದೃಶ್ಯವನ್ನು ಚಪ್ಪಟೆ ಮಾಡುತ್ತದೆ, ವೈಡ್ ಲೆನ್ಸ್ ಹಿಗ್ಗಿಸುತ್ತದೆ ಎಂದು ಛಾಯಾಗ್ರಾಹಕರೇ ಹೇಳುತ್ತಾರೆ. ಮಾಡುವುದು ಲೆನ್ಸ್ ಅಲ್ಲ, ನಿಂತ ಜಾಗ. ಲೆಕ್ಕ ಹಾಕಿ ನೋಡಲು ಶ್ರವಣಬೆಳಗೊಳದ ಗೊಮ್ಮಟ ಬಹಳ ಅನುಕೂಲ: 981ರಲ್ಲಿ ಚಾವುಂಡರಾಯ ಮಾಡಿಸಿದ ಈ ಮೂರ್ತಿಯ ಎತ್ತರ 58 ಅಡಿ, ಹತ್ತಿರಹತ್ತಿರ 18 ಮೀಟರ್. ಪಾದಗಳಿಂದ 12 ಮೀಟರ್ ದೂರದಲ್ಲಿ ನಿಂತವನ ಕಣ್ಣಿಗೂ ಮುಖಕ್ಕೂ ನಡುವಿನ ಅಂತರ ಸುಮಾರು 20 ಮೀಟರ್. ಹಾಗಾಗಿ ಅಲ್ಲಿಂದ ಮುಖ ಪಾದಗಳ ಮಟ್ಟದಲ್ಲಿದ್ದರೆ ಕಾಣಬೇಕಾದ ಗಾತ್ರದ ಐದರಲ್ಲಿ ಮೂರು ಪಾಲಷ್ಟೇ ಕಾಣುತ್ತದೆ. ಅದೇ 100 ಮೀಟರ್ ದೂರದಿಂದ, ಎದುರು ಅಡ್ಡಿಯೇನೂ ಇಲ್ಲವೆಂದುಕೊಂಡರೆ, ಮುಖಕ್ಕಿರುವ ಅಂತರ 101 ಮೀಟರ್ ಚಿಲ್ಲರೆ. ಅನುಪಾತ ಹೆಚ್ಚುಕಡಿಮೆ ನೆಟ್ಟಗೇ ಉಳಿಯುತ್ತದೆ. ಮೊದಲ ಜಾಗದಿಂದ ಇಡೀ ಮೂರ್ತಿ ಹಿಡಿಸಬೇಕಾದರೆ 24 ಮಿಲಿಮೀಟರ್ ಲೆನ್ಸ್ ಬೇಕು, ಎರಡನೆಯದರಿಂದ 200 ಸಾಕು. ಆದರೆ ಮುಖ ಕಿರಿದಾದದ್ದು 12 ಮೀಟರಿನಿಂದ, 24ರಿಂದಲ್ಲ. ಲೆನ್ಸ್ ಮಾಡುವ ಕೆಲಸ ಚೌಕಟ್ಟು ಹಾಕುವುದು: ಎಷ್ಟು ಒಳಗೆ, ಎಷ್ಟು ಹೊರಗೆ.

ಹಿಚ್‌ಕಾಕ್‌ನ 1958ರ ‘ವರ್ಟಿಗೊ’ ಚಿತ್ರದ ಹೆಸರುವಾಸಿ ಶಾಟ್ ಈ ಎರಡನ್ನೂ ಒಂದಕ್ಕೊಂದು ಎದುರು ಎತ್ತಿಕಟ್ಟಿ ತೆಗೆದದ್ದು. ಕ್ಯಾಮೆರಾ ಒಂದು ದಿಕ್ಕಿಗೆ, ಜೂಮ್ ಅದರ ಎದುರು ದಿಕ್ಕಿಗೆ. ಚೌಕಟ್ಟು ಹಾಗೇ ನಿಂತು ಮೆಟ್ಟಿಲಿನ ಆಳ ಮಾತ್ರ ರಬ್ಬರಿನಂತೆ ಹಿಗ್ಗುತ್ತದೆ. ಅದನ್ನು ಸಾಧಿಸಿದವರು ಇರ್ಮಿನ್ ರಾಬರ್ಟ್ಸ್. ಆ ಮೆಟ್ಟಿಲು ನಿಜವಾದದ್ದಲ್ಲ, ಅಡ್ಡ ಮಲಗಿಸಿದ ಸಣ್ಣ ಮಾದರಿ.

ಟ್ರ್ಯಾಕಿಂಗಿನಲ್ಲಿ ಫೋಕಲ್ ಲೆಂತ್ ತಪ್ಪಿದರೆ ಆಗುವ ಅನಾಹುತ ಕಣ್ಣಿಗೆ ರಾಚುವಂಥದ್ದಲ್ಲ. ಒಂದು ಚೌಕ ಮೇಜನ್ನು ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತ ಚಿತ್ರೀಕರಿಸಿದೆ ಎಂದುಕೊಳ್ಳೋಣ. ನಿಜವಾದ ಫೋಕಲ್ ಲೆಂತಿನ ಎರಡರಷ್ಟನ್ನು ತುಂಬಿದರೆ ಸಾಫ್ಟ್‌ವೇರಿನ ಜಗತ್ತಿನಲ್ಲಿ ಆಳ ಎರಡು ಪಟ್ಟಾಗುತ್ತದೆ. ಚೌಕ ಮೇಜು ಉದ್ದನೆಯ ಮೇಜಾಗುತ್ತದೆ, ಕೋಣೆಯ ಮೂಲೆಗಳು 90 ಡಿಗ್ರಿ ಬಿಟ್ಟು ಜಾರುತ್ತವೆ. ಮಜಾ ಏನೆಂದರೆ ದೋಷ ಸೂಚಿಸುವ ಸಂಖ್ಯೆ, ಅಂದರೆ ಲೆಕ್ಕ ಹಾಕಿದ ಚುಕ್ಕೆಗೂ ಚಿತ್ರದ ಚುಕ್ಕೆಗೂ ನಡುವಿನ ಪಿಕ್ಸೆಲ್ ಅಂತರ, ಏರುವುದೇ ಇಲ್ಲ. ಎಲ್ಲ ಚುಕ್ಕೆಗಳೂ ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತವೆ. ಸುಳ್ಳು ಜಗತ್ತು ಸಾಕ್ಷ್ಯಕ್ಕೆ ಪೂರ್ತಿ ಹೊಂದುತ್ತದೆ. ಆ ಮೇಜಿನ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಸರಿಯಾದ ಅಳತೆಯ ಪೆಟ್ಟಿಗೆ ಇಟ್ಟಾಗಲೇ ಗುಟ್ಟು ರಟ್ಟು: ಅದರ ಅಂಚುಗಳು ಮೇಜಿನ ಅಂಚಿಗೆ ಸೇರುವುದಿಲ್ಲ.

ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾದಲ್ಲಿ ಮಸಾಚ್ಚೊ 1420ರ ದಶಕದ ಕೊನೆಯಲ್ಲಿ ಬರೆದ ‘ಟ್ರಿನಿಟಿ’ ಚಿತ್ರ ಇಂಥದ್ದೇ ಒಂದು ಕಗ್ಗಂಟು. ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ಎಂಬ ನಂಬಿಕೆಯನ್ನು ಅವನು ಕಮಾನಿನ ಕೋಣೆಯೊಂದರೊಳಗೆ ಇಟ್ಟು ತೋರಿಸಿದ. ಆ ಕೋಣೆಯ ಆಳವೆಷ್ಟು ಎಂದು ಕಂಪ್ಯೂಟರಿನಲ್ಲಿ ಅಳೆಯಹೊರಟವರಿಗೆ ಎರಡು ಉತ್ತರ ಸಿಕ್ಕವು. ಕೋಣೆಯ ನೆಲ ಚೌಕ ಎಂದುಕೊಂಡರೆ ಚಾವಣಿಯ ಮನೆಗಳು ಚೌಕವಲ್ಲ. ಮನೆಗಳು ಚೌಕ ಎಂದುಕೊಂಡರೆ ನೆಲ ಚೌಕವಲ್ಲ. ಚಿತ್ರ ಎರಡಕ್ಕೂ ಸೈ ಎನ್ನುತ್ತದೆ. ಒಂದೇ ನೋಟವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ತನ್ನ ಆಳವನ್ನು ಬಿಟ್ಟುಕೊಡುವುದಿಲ್ಲ.

ಒಂದು ನೋಟ ಸಾಲದು ಎಂಬುದನ್ನು ಜೈನ ತಾರ್ಕಿಕರಷ್ಟು ಹಟ ಹಿಡಿದು ಹೇಳಿದವರು ಇಲ್ಲ. ಆ ವಾದದ ದೊಡ್ಡ ಪಾಲು ನಡೆದದ್ದು ಕನ್ನಡ ನೆಲದ ಆಸುಪಾಸಿನಲ್ಲಿ. ಸಮಂತಭದ್ರನ ‘ಆಪ್ತಮೀಮಾಂಸೆ’ಗೆ ಎಂಟನೇ ಶತಮಾನದ ಅಕಲಂಕ ವ್ಯಾಖ್ಯಾನ ಬರೆದ, ಅದರ ಮೇಲೆ ವಿದ್ಯಾನಂದ ‘ಅಷ್ಟಸಹಸ್ರೀ’ ಬರೆದ. ಸಮಂತಭದ್ರ, ಅಕಲಂಕ ಇಬ್ಬರನ್ನೂ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯ ಶಾಸನ ಹೊಗಳುತ್ತದೆ. ಇವರ ಪ್ರಕಾರ ವಸ್ತುವಿಗೆ ಅನಂತ ಮುಖಗಳಿವೆ, ಇದೇ ಅನೇಕಾಂತವಾದ. ಒಂದು ಮುಖವನ್ನು ಹಿಡಿಯುವ ಬಗೆಗೆ ನಯ ಎಂದು ಹೆಸರು. ಉಳಿದ ನಯಗಳನ್ನು ಅಲ್ಲಗಳೆಯುವ ನಯ ದುರ್ನಯವಾಗುತ್ತದೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. 1932ರ ತಮ್ಮ ಭಾರತೀಯ ದರ್ಶನಗಳ ರೂಪರೇಖೆಯಲ್ಲಿ ಅವರು ಜೈನ ವಿಚಾರ ಅರ್ಧ ದಾರಿಯಲ್ಲಿ ನಿಂತಿತೆಂದು ಆಕ್ಷೇಪಿಸಿದರು: ಅದು ಆಂಶಿಕ ನೋಟಗಳನ್ನು ಒಟ್ಟಿಗೆ ತಂದಿಟ್ಟಿತು, ಅವುಗಳ ವಿರೋಧವನ್ನು ಸಮನ್ವಯದಿಂದ ದಾಟಲಿಲ್ಲ. ಆಕ್ಷೇಪ ಹಗುರವಾದದ್ದಲ್ಲ. ‘ಅವರವರ ದೃಷ್ಟಿಯಲ್ಲಿ ಅವರವರು ಸರಿ’ ಎಂದು ಕೈತೊಳೆದುಕೊಳ್ಳುವ ಸೋಮಾರಿತನ ಇವತ್ತು ಅನೇಕಾಂತವಾದದ ಹೆಸರಿನಲ್ಲೇ ಓಡಾಡುತ್ತಿದೆ.

ಈ ವಾದಕ್ಕೆ ಎಲ್ಲರೂ ತರುವ ಕತೆ ಆನೆ ಮತ್ತು ಕುರುಡರದ್ದು. ಬೌದ್ಧರ ‘ಉದಾನ’ದಲ್ಲಿಯೂ ಬರುವ ಆ ಕತೆಯಲ್ಲಿ ಸಾವತ್ಥಿಯ ಅರಸ ಹುಟ್ಟುಕುರುಡರನ್ನು ಸೇರಿಸಿ ಆನೆ ಮುಟ್ಟಿಸಿ ತಮಾಷೆ ನೋಡುತ್ತಾನೆ. ಕತೆ ನಡೆಯುವುದು ಅರಸನಿಗೆ ಕಣ್ಣಿದೆ ಎಂಬ ಬಲದ ಮೇಲೆ. ಅವನು ಇಡೀ ಆನೆಯನ್ನು ಕಂಡಿದ್ದಾನೆ, ಕೇಳುವ ನಾವೂ ಕಂಡಿದ್ದೇವೆ. ಆದ್ದರಿಂದಲೇ ಕಾಲನ್ನು ಕಂಬವೆಂದವನನ್ನು ಕಂಡು ನಗಲು ಧೈರ್ಯ. ಅರಸನನ್ನು ತೆಗೆದುಹಾಕಿದರೆ ಆ ನಗೆಯೂ ಹೋಗುತ್ತದೆ. ಕ್ಯಾಮೆರಾ ಟ್ರ್ಯಾಕಿಂಗಿನಲ್ಲಿ ಅರಸನಿಲ್ಲ. ಸಾಫ್ಟ್‌ವೇರಿಗೆ ಸಿಗುವುದು ಮುಟ್ಟಿದವರ ವರದಿಗಳಷ್ಟೇ. ಯಾರು ಎಲ್ಲಿ ನಿಂತು ಮುಟ್ಟಿದರು ಎಂಬುದೂ ಅದರೊಳಗೆ ಬರೆದಿಲ್ಲ. ಆದರೂ ಆನೆ ಮೂಡುತ್ತದೆ.

ಹೇಗೆ? ಪ್ರತಿ ನೋಟದ ಜತೆ ನೋಡಿದವನನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದರಿಂದ. ಪ್ರತಿಯೊಂದು ಫ್ರೇಮಿಗೂ ಕ್ಯಾಮೆರಾದ ಜಾಗ, ದಿಕ್ಕು, ಫೋಕಲ್ ಲೆಂತ್, ಲೆನ್ಸಿನ ಸೊಟ್ಟತನ ಇವನ್ನೆಲ್ಲ ಅಜ್ಞಾತಗಳೆಂದು ಬರೆದು, ಜಗತ್ತಿನ ಚುಕ್ಕೆಗಳನ್ನೂ ಅಜ್ಞಾತಗಳೆಂದು ಬರೆದು, ಎಲ್ಲವನ್ನೂ ಒಟ್ಟಿಗೆ ತಿದ್ದುತ್ತ ಹೋಗುತ್ತಾರೆ. ವಿರೋಧ ಕಂಡಾಗ ಯಾವ ಚಿತ್ರ ಸುಳ್ಳು ಎಂಬ ಪ್ರಶ್ನೆಗಿಂತ ಮೊದಲು ಯಾವ ಕ್ಯಾಮೆರಾ ಎಲ್ಲಿತ್ತು ಎಂಬ ಪ್ರಶ್ನೆ ಏಳುತ್ತದೆ. ಹಿರಿಯಣ್ಣನವರು ಕೇಳಿದ ಸಮನ್ವಯ ಸಾಧ್ಯವಾಗುವುದು ಈ ಬೆಲೆ ತೆತ್ತ ಮೇಲೆ. ಸಮಂತಭದ್ರನ ಬಂಗಾರದ ದೃಷ್ಟಾಂತವನ್ನೇ ನೋಡಿ. ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಬಂಗಾರವಷ್ಟೇ ಬೇಕಿದ್ದವನು ಸುಮ್ಮನಿರುತ್ತಾನೆ. ನಾಶ, ಹುಟ್ಟು, ಸ್ಥಿತಿ ಮೂರೂ ಒಂದೇ ಘಟನೆಯಲ್ಲಿವೆ ಎಂಬುದು ಅವನ ವಾದ. ಆದರೆ ಅವನು ಮೂರು ನೋಟಗಳನ್ನು ಬರೀ ಪಕ್ಕಪಕ್ಕ ಇಡಲಿಲ್ಲ. ಒಬ್ಬೊಬ್ಬನಿಗೂ ಏನು ಬೇಕಿತ್ತು ಎಂಬುದನ್ನೂ ಬರೆದಿಟ್ಟ. ಬಯಕೆ ತಿಳಿಯದಿದ್ದರೆ ಅಳು, ನಗು, ಮೌನ ಒಂದನ್ನೊಂದು ಸುಳ್ಳುಮಾಡುತ್ತವೆ. ತಿಳಿದರೆ ಮೂರರಿಂದಲೂ ಒಂದೇ ಬಂಗಾರವನ್ನು ಕಟ್ಟಬಹುದು. ಹಿರಿಯಣ್ಣನವರ ಆಕ್ಷೇಪ ಆಲಸಿ ಅನೇಕಾಂತಕ್ಕೆ ತಗಲುತ್ತದೆ, ಈ ಶ್ಲೋಕಕ್ಕೆ ತಗಲುವುದಿಲ್ಲ ಎನ್ನಬೇಕಾಗುತ್ತದೆ.

ನೋಡುವವನು ಅಲುಗಾಡಲೇಬೇಕು ಎಂಬುದು ಇನ್ನೊಂದು ಷರತ್ತು. ಇಲ್ಲಿ ಗಣಿತ ಒಂದು ವಿಚಿತ್ರ ಫಲಿತಾಂಶವನ್ನು ಕೊಡುತ್ತದೆ. ಸ್ಟ್ಯಾಂಡಿನ ಮೇಲೆ ನಿಂತಲ್ಲೇ ಕ್ಯಾಮೆರಾ ತಿರುಗಿದರೆ, ಟ್ರ್ಯಾಕಿಂಗಿನವರು ‘ನೋಡಲ್ ಪ್ಯಾನ್’ ಎನ್ನುವ ಈ ಚಲನೆಯಲ್ಲಿ ಹತ್ತಿರದ್ದೂ ದೂರದ್ದೂ ಒಟ್ಟಿಗೇ ಸರಿಯುತ್ತವೆ. ಆಳದ ಸುಳಿವೇ ಸಿಗುವುದಿಲ್ಲ. ಆದರೆ ಲೆನ್ಸಿನ ಫೋಕಲ್ ಲೆಂತನ್ನು ಆ ತಿರುಗುವಿಕೆಯಿಂದಲೇ ಕಂಡುಹಿಡಿಯಬಹುದು. ಇದಕ್ಕೆ ತಿರುಗುಮುರುಗಾಗಿ, ಕ್ಯಾಮೆರಾ ಒಂದಿಷ್ಟೂ ತಿರುಗದೆ ಬರೀ ಜಾಗ ಬದಲಿಸಿದರೆ ಯಾವುದು ಮುಂದೆ, ಯಾವುದು ಹಿಂದೆ, ಯಾವ ಗೆರೆಗಳು ಸಮಾನಾಂತರ ಎಂಬುದು ತಿಳಿಯುತ್ತದೆ. ಲೆನ್ಸ್ ಮಾತ್ರ ಗುಟ್ಟಾಗಿಯೇ ಉಳಿಯುತ್ತದೆ, ಕೋನಗಳು ಅದರ ಜತೆಗೇ ಕಾಣೆಯಾಗುತ್ತವೆ. ಕೂತಲ್ಲೇ ಸುತ್ತ ನೋಡಿದವನಿಗೆ ತನ್ನ ಕಣ್ಣಿನ ಪರಿಚಯವಾಗುತ್ತದೆ, ಊರೂರು ಅಲೆದವನಿಗೆ ಊರಿನ ಪರಿಚಯವಾಗುತ್ತದೆ. ಗುಹೆಯ ತಪಸ್ವಿಗೂ ತೀರ್ಥಯಾತ್ರಿಗೂ ನಡುವಿನ ಹಳೆಯ ಜಗಳದಲ್ಲಿ ರೇಖಾಗಣಿತ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಒಳ್ಳೆಯ ಸಾಲ್ವಿಗೆ ಎರಡೂ ಚಲನೆ ಬೇಕು.

1453ರಲ್ಲಿ ಜರ್ಮನಿಯ ಕಾರ್ಡಿನಲ್ ನಿಕೋಲಾಸ್ ಆಫ್ ಕೂಸಾ ಟೆಗರ್ನ್‌ಸೀ ಮಠದ ಸನ್ಯಾಸಿಗಳಿಗೆ ಒಂದು ಚಿತ್ರಪಟವನ್ನೂ ಅದರ ಜತೆಗೆ ದೇವರ ನೋಟದ ಬಗ್ಗೆ ಒಂದು ಪುಸ್ತಕವನ್ನೂ ಕಳಿಸಿದ. ಪಟದ ಮುಖ ಎಲ್ಲಿ ನಿಂತವನನ್ನೂ ನೇರವಾಗಿ ನೋಡುವಂಥದ್ದು. ಗೋಡೆಗೆ ತೂಗುಹಾಕಿ ಸುತ್ತ ನಿಲ್ಲಿ, ಒಬ್ಬ ಪೂರ್ವದಿಂದ ಪಶ್ಚಿಮಕ್ಕೂ ಇನ್ನೊಬ್ಬ ಪಶ್ಚಿಮದಿಂದ ಪೂರ್ವಕ್ಕೂ ನಡೆಯಿರಿ, ಆಮೇಲೆ ಪರಸ್ಪರ ಕೇಳಿಕೊಳ್ಳಿ ಎಂದು ಅವನ ಸೂಚನೆ. ಇಬ್ಬರಿಗೂ ಆ ಕಣ್ಣು ತನ್ನನ್ನೇ ಹಿಂಬಾಲಿಸಿದಂತೆ ಕಾಣುತ್ತದೆ. ದೇವರು ಪ್ರತಿಯೊಬ್ಬನನ್ನೂ ಅವನೊಬ್ಬನೇ ಇದ್ದಾನೇನೋ ಎಂಬಂತೆ ನೋಡುತ್ತಾನೆ ಎಂದು ಕೂಸಾ ಅದರಿಂದ ಬೆಳೆಸಿದ. ಕಸುಬಿನವರಿಗೆ ಕಾರಣ ಥಟ್ಟನೆ ಹೊಳೆಯುತ್ತದೆ: ಪಟ ಚಪ್ಪಟೆ, ಅದರಲ್ಲಿ ಪ್ಯಾರಲಾಕ್ಸ್, ಅಂದರೆ ನೋಡುವವನು ಸರಿದಂತೆ ಹತ್ತಿರದ್ದೂ ದೂರದ್ದೂ ಬೇರೆಬೇರೆಯಾಗಿ ಸರಿಯುವುದು, ಇಲ್ಲ. ನಿಜವಾದ ಮುಖವಾಗಿದ್ದರೆ ಪಕ್ಕಕ್ಕೆ ಸರಿದವನಿಗೆ ಮೂಗು ಕೆನ್ನೆಯನ್ನು ಮರೆಮಾಡಬೇಕಿತ್ತು, ನೋಟ ತಪ್ಪಬೇಕಿತ್ತು.

ಕಾರಣ ಗೊತ್ತಾದ ಮಾತ್ರಕ್ಕೆ ಕೂಸಾನ ಮಾತು ಬಿದ್ದುಹೋಗುವುದಿಲ್ಲ. ಅದು ಚಿತ್ರಕಾರನ ಕೈಚಳಕ ಎಂದು ಅವನಿಗೂ ಗೊತ್ತಿತ್ತು. ಸಿಂಹ ದೇವರಿಗೆ ಮುಖ ಕಲ್ಪಿಸಿದರೆ ಅದು ಸಿಂಹದ ಮುಖವೇ ಆದೀತು ಎಂದೂ ಅವನು ಅದೇ ಪುಸ್ತಕದಲ್ಲಿ ಬರೆದಿದ್ದಾನೆ. ಪೊಜ್ಜೊ ಎಲ್ಲರನ್ನೂ ಒಂದೇ ಬಿಲ್ಲೆಗೆ ಕರೆದರೆ, ಅವನಿಗಿಂತ ಹತ್ತಿರಹತ್ತಿರ ಎರಡೂವರೆ ಶತಮಾನ ಹಿಂದಿನ ಕೂಸಾ ಎಲ್ಲರನ್ನೂ ಚದುರಿಸಿ ಆಮೇಲೆ ಮಾತಾಡಿಕೊಳ್ಳಿ ಎಂದ. ಎದುರಿನಿಂದ ಬಂದವನ ಮಾತನ್ನು ನಂಬದಿದ್ದರೆ ಈ ಅಚ್ಚರಿ ನಿನಗೆ ತಿಳಿಯುವುದೇ ಇಲ್ಲ ಎಂಬುದು ಅವನ ವಾದದ ಗಟ್ಟಿ ಭಾಗ.

ಎಲ್ಲ ನೋಟಗಳೂ ಸೇರಿ ಸಾಲ್ವ್ ಮುಗಿದಾಗ ಪರದೆಯ ಮೇಲೆ ಉಳಿಯುವುದು ಕಪ್ಪು ಖಾಲಿಯಲ್ಲಿ ತೇಲುವ ಚುಕ್ಕೆಗಳ ಮೋಡ. ಇದು ಯಾರ ನೋಟವೂ ಅಲ್ಲ. ಅಮೆರಿಕದ ತತ್ತ್ವಜ್ಞ ಥಾಮಸ್ ನೇಗಲ್ 1986ರಲ್ಲಿ ಎಲ್ಲಿಂದಲೂ ಅಲ್ಲದ ನೋಟದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಜೈನರು ಕೇವಲಜ್ಞಾನ ಎನ್ನುವುದೂ ನಯಗಳನ್ನು ದಾಟಿದ ಅರಿವೇ. ಚುಕ್ಕೆಮೋಡ ಅದಕ್ಕೆ ಹತ್ತಿರ ಬಂದಂತೆ ತೋರಿದರೂ ಎರಡು ಕಡೆ ಕೈಕೊಡುತ್ತದೆ. ಅದನ್ನು ನೋಡಬೇಕಾದರೆ ಮತ್ತೊಂದು ಕ್ಯಾಮೆರಾವನ್ನು ಎಲ್ಲಾದರೂ ನಿಲ್ಲಿಸಿ ಅದಕ್ಕೊಂದು ಫೋಕಲ್ ಲೆಂತ್ ಕೊಡಲೇಬೇಕು. ಇನ್ನು ಅದರ ಗಾತ್ರ: ಎಷ್ಟೇ ಸಾವಿರ ಚಿತ್ರಗಳನ್ನು ಹಾಕಿದರೂ ಚಿತ್ರಗಳಷ್ಟರಿಂದಲೇ ಜಗತ್ತು ಎಷ್ಟು ದೊಡ್ಡದೆಂದು ಹೇಳಲಾಗದು. ಜಗತ್ತನ್ನೂ ಕ್ಯಾಮೆರಾದ ನಡೆಯನ್ನೂ ಹತ್ತರಲ್ಲೊಂದು ಪಾಲಿಗೆ ಇಳಿಸಿದರೂ ಪ್ರತಿ ಫ್ರೇಮೂ ಹಾಗೇ ಇರುತ್ತದೆ. ಹಿಚ್‌ಕಾಕ್‌ನ ಅಡ್ಡ ಮಲಗಿದ ಮೆಟ್ಟಿಲು ಗೋಪುರವೆಂದು ನಂಬಿಸಿದ್ದು ಈ ಸಂದಿಯಲ್ಲಿ ನುಸುಳಿ.

ಆದ್ದರಿಂದ ಸೆಟ್ಟಿನಲ್ಲಿ ಒಬ್ಬ ಟೇಪ್ ಹಿಡಿದು ಓಡಾಡುತ್ತಾನೆ. ಬಾಗಿಲಿನ ಎತ್ತರ, ಎರಡು ಕಂಬಗಳ ನಡುವಿನ ಅಂತರ, ನೆಲದಿಂದ ಲೆನ್ಸಿನವರೆಗೆ ಎಷ್ಟು ಎಂದು ಬರೆದುಕೊಳ್ಳುತ್ತಾನೆ. ಚಿತ್ರದ ಹೊರಗಿನಿಂದ ಬಂದ ಒಂದು ಅಳತೆಯಾದರೂ ಇಲ್ಲದಿದ್ದರೆ ಇಡೀ ಜಗತ್ತು ಗಾತ್ರವಿಲ್ಲದೆ ತೇಲುತ್ತದೆ. ಧರ್ಮಗಳು ಈ ಜಾಗದಲ್ಲಿ ಆಗಮವನ್ನೋ ಪ್ರವಾದಿಯನ್ನೋ ಸರ್ವಜ್ಞನನ್ನೋ ತಂದು ನಿಲ್ಲಿಸಿವೆ. ‘ಆಪ್ತಮೀಮಾಂಸೆ’ ಹೊರಟಿದ್ದೇ ಅಂಥ ಹೊರಗಿನ ಮಾತನ್ನು ಪರೀಕ್ಷಿಸಲು: ದೇವತೆಗಳು ಇಳಿದುಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರ ಬೀಸುವುದು ಇವೆಲ್ಲ ಇಂದ್ರಜಾಲದವರಲ್ಲೂ ಕಾಣುತ್ತವೆ, ಅಷ್ಟಕ್ಕೇ ನಿನ್ನನ್ನು ದೊಡ್ಡವನೆನ್ನಲಾರೆವು ಎಂದು ಸಮಂತಭದ್ರ ತನ್ನ ತೀರ್ಥಂಕರನಿಗೇ ಮೊದಲ ಶ್ಲೋಕದಲ್ಲಿ ಹೇಳಿಬಿಡುತ್ತಾನೆ. ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ಮಾತು ಯಾರದ್ದೋ ಅವನೇ ಆಪ್ತ, ಅಂದರೆ ನಂಬಲು ತಕ್ಕವನು, ಎಂಬುದು ಅವನ ಮಾನದಂಡ.

ಟೇಪಿನವನ ಮಾನದಂಡವೂ ಹೆಚ್ಚು ಬೇರೆಯದಲ್ಲ. ಎಚ್ಚರವಿದ್ದವನು ಎರಡು ಅಳತೆ ತರುತ್ತಾನೆ: ಬಾಗಿಲಿನದ್ದನ್ನು ಕೊಟ್ಟು ಗಾತ್ರ ನಿಗದಿಪಡಿಸುತ್ತಾನೆ, ಕಂಬಗಳದ್ದನ್ನು ಕೈಯಲ್ಲಿಟ್ಟುಕೊಂಡು ತಾಳೆ ನೋಡುತ್ತಾನೆ. ಎರಡನೆಯದು ತಪ್ಪಿದರೆ ಮೊದಲು ಅನುಮಾನ ಬರುವುದು ಫೋಕಲ್ ಲೆಂತಿನ ಮೇಲೆ. ಎರಡೂ ಸರಿ ಬಂದರೆ ಸಾಲ್ವ್ ಪಾಸ್ ಆಗುತ್ತದೆ, ಡ್ರ್ಯಾಗನ್ ಬೀದಿಗಿಳಿಯುತ್ತದೆ. ಎರಡೂ ಅಳತೆ ಒಂದೇ ಟೇಪಿನಿಂದ ಬಂದಿದ್ದು, ಆ ಟೇಪೇ ಹಿಗ್ಗಿದ್ದರೆ, ಅದನ್ನು ಈ ತಾಳೆಯಿಂದ ಹಿಡಿಯಲಾಗದು.